ಹಾಲು, ಕಾಲು

ನಾಲ್ಕು ವರ್ಷ ತುಂಬಿದರೂ ಮಗಳಿಗೆ ಮಾತು ಬಂದಿರಲಿಲ್ಲ. ಹಾಸನದಲ್ಲಿ ಪರೀಕ್ಷೆ ಮಾಡಿಸಿ ಎರಡೂ ಕಿವಿಗೆ ಮಿಷನ್ ಹಾಕಿಸಿಕೊಂಡು ಬಂದೆವು. ಅಲ್ಲಿ ಮಾತು ಕಲಿಸುವ ಮೇಡಂ ಒಂದು ಚಿತ್ರದ ಪುಸ್ತಕ ಕೊಟ್ಟು, "ದಿನಾ ಓದಿ. ಚಿತ್ರ ತೋರಿಸಿ ಸುಮ್ಮನಾಗಬೇಡಿ, ಆ ವಸ್ತುವನ್ನೇ ಕೈಗೆ ಕೊಡಿ. ಆರು ತಿಂಗಳು ನೋಡೋಣ" ಅಂದರು. ಮಿಷನ್ನಿನಿಂದ ಕೇಳಿಸಿದರೆ ಅರಕಲಗೂಡಿನ ಶಾಲೆ, ನಮ್ಮ ಮನೆ. ಕೇಳಿಸದಿದ್ದರೆ ಮೈಸೂರಿನ ಕಿವುಡ ಮಕ್ಕಳ ಶಾಲೆ, ಹಾಸ್ಟೆಲ್ಲು. ಅವಳಿನ್ನೂ ನನ್ನ ಸೆರಗು ಹಿಡಿದುಕೊಂಡೇ ಮಲಗುತ್ತಿದ್ದಳು.

ನಾನು ಮೊದಲೇ ಹಟಮಾರಿ. ರೊಟ್ಟಿಯ ಪುಟ ಬಂದ ದಿನ ಅವಳ ಕೈಯಲ್ಲೇ ಅಕ್ಕಿಹಿಟ್ಟು ಕಲಸಿಸಿದೆ. ಅವರೆಕಾಯಿಯ ಪುಟಕ್ಕೆ ಮೊರದ ತುಂಬ ಕಾಯಿ ಸುರಿದುಕೊಂಡು ಇಬ್ಬರೂ ಬಿಡಿಸಿದೆವು. ಹಾಲಿನ ಪುಟಕ್ಕೆ ಕೊಟ್ಟಿಗೆಗೇ ಕರೆದುಕೊಂಡು ಹೋಗಿ ಹಸುವಿನ ಕೆಚ್ಚಲು ಮುಟ್ಟಿಸಿದೆ. ಅತ್ತೆ ಜಗುಲಿಯಿಂದಲೇ, "ಓದ್ಸಕ್ ಕುಂತವ್ಳೋ, ಅಡ್ಗೆ ಮಾಡಕ್ ಕುಂತವ್ಳೋ, ಒಂದೂ ಗೊತ್ತಾಗಕಿಲ್ಲ ಕಣವ್ವಾ" ಎಂದು ಗೊಣಗುತ್ತಿದ್ದರು. ಗೊಣಗಲಿ, ನನಗೇನು? ಮಗಳನ್ನು ಎದುರಿಗೆ ಕೂರಿಸಿಕೊಂಡು, ಮುಖಕ್ಕೆ ಮುಖ ಕೊಟ್ಟು, ಒಂದೊಂದು ಮಾತನ್ನೂ ನಿಧಾನವಾಗಿ ಹೇಳುತ್ತಿದ್ದೆ. ಮೂರನೇ ತಿಂಗಳಿಗೆ 'ರೊಟ್ಟಿ' ಅಂದರೆ ರೊಟ್ಟಿ ತಂದಳು, 'ಅವರೆಕಾಯಿ' ಅಂದರೆ ಅವರೆಕಾಯಿ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಅದನ್ನು ಹೇಳಿಕೊಂಡೆ.

ಒಂದೇ ಒಂದು ಎಡವಟ್ಟು. 'ಹಾಲು' ಅಂದರೆ ಒಮ್ಮೊಮ್ಮೆ ಕಾಲು ಮುಟ್ಟಿಕೊಳ್ಳುತ್ತಿದ್ದಳು. 'ಕಾಲು' ಅಂದರೆ ಹಾಲಿನ ಲೋಟ ಹಿಡಿದು ಬರುತ್ತಿದ್ದಳು. ತಪ್ಪು ನನ್ನ ನಾಲಿಗೆಯದೇ ಎಂದುಕೊಂಡೆ. ನಮ್ಮ ಕಡೆಯವರ ಬಾಯಲ್ಲಿ ಹಕಾರ ಎಲ್ಲಿದೆ? ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ. ತಾಯಿಗೇ ಸರಿಯಾಗಿ ಬಾರದಿದ್ದರೆ ಮಗು ಏನು ಮಾಡೀತು ಎಂದು ನನ್ನನ್ನೇ ಬೈದುಕೊಂಡು, ಬಾಯಿಯ ಮುಂದೆ ಅಂಗೈ ಹಿಡಿದು, ಉಸಿರು ತಾಗುವ ತನಕ 'ಹಾಲು, ಹಾಲು' ಎಂದು ಅಭ್ಯಾಸ ಮಾಡಿದೆ. ಪಾತ್ರೆ ತಿಕ್ಕುವಾಗಲೂ ಅದೇ ಜಪ. ಮನೆಯವರು, "ತಲೆ ಗಿಲೆ ಕೆಟ್ಟೋಯ್ತಾ ನಿಂಗೆ?" ಅಂದರು. "ಓಗ್ರೀ ಅತ್ಲಾಗೆ" ಎಂದು ರೇಗಿದೆ. ರೇಗಿದ್ದೇ ತಡ, ಕಲಿತ ಹಕಾರ ಮಾಯ.

ಆರು ತಿಂಗಳಾದ ಮೇಲೆ ಹಾಸನಕ್ಕೆ ಹೋದೆವು. ಮೇಡಂ ಮೇಜಿನ ಮೇಲೆ ಸಾಮಾನು ಹರಡಿ, ನನ್ನಿಂದಲೇ ಹೆಸರು ಹೇಳಿಸಿದರು. ಹೇಳಿದ್ದನ್ನೆಲ್ಲ ಮಗಳು ಎತ್ತಿ ಕೊಟ್ಟಳು. ನಾನು ಬೀಗಿಹೋದೆ. ಹಾಲು, ಕಾಲಿನ ಗೊಂದಲವನ್ನೂ ನಗುತ್ತಲೇ ಹೇಳಿದೆ. "ನಂದೇ ತಪ್ಪು ಮೇಡಂ, ನಮ್ ಬಾಯ್ಗೆ ಹ ಬರಕಿಲ್ಲ."

ಮೇಡಂ ನಗಲಿಲ್ಲ. "ತುಟಿ ನೋಡಿದ್ರೆ ಹಾಲೂ ಕಾಲೂ ಒಂದೇ ಥರ ಕಾಣುತ್ತಲ್ಲಮ್ಮ" ಅಂದರು. ಆಮೇಲೆ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, "ಇದನ್ನ ಬಾಯಿಗೆ ಅಡ್ಡ ಹಿಡ್ಕೊಂಡು ಹೇಳಿ" ಅಂದರು.

ಬಾಯಿ ಮರೆಮಾಡಿಕೊಂಡು "ರೊಟ್ಟಿ" ಅಂದೆ. ಮಗಳು ಅಲುಗಲಿಲ್ಲ. "ಅವರೆಕಾಯಿ" ಅಂದೆ. ಜೋರಾಗಿ ಅಂದೆ. ಕೊನೆಗೆ ಕಿರುಚಿಯೇಬಿಟ್ಟೆ, ಹೊರಗೆ ಕೂತಿದ್ದವರು ಬಾಗಿಲಲ್ಲಿ ಇಣುಕಿದರು. ಆರು ತಿಂಗಳಲ್ಲಿ ಅವಳು ನನ್ನ ಒಂದು ಮಾತನ್ನೂ ಕೇಳಿಸಿಕೊಂಡಿರಲಿಲ್ಲ. ಬರೀ ನನ್ನ ತುಟಿ ನೋಡಿಕೊಂಡು ಕಲಿತಿದ್ದಳು. ಮುಖಕ್ಕೆ ಮುಖ ಕೊಟ್ಟು ಕೂತು ನನಗೆ ನಾನೇ ಮೋಸ ಮಾಡಿಕೊಂಡಿದ್ದೆ.

ಮಗಳು ಕುರ್ಚಿಯಿಂದ ಇಳಿದು ಬಂದಳು. ಎರಡೂ ಕೈಯಿಂದ ಪುಸ್ತಕವನ್ನು ಕೆಳಕ್ಕೆ ಜಗ್ಗಿ, ನಾನು ಏನು ಹೇಳುತ್ತೇನೋ ಎಂದು ನನ್ನ ಬಾಯಿಯನ್ನೇ ನೋಡುತ್ತಾ ನಿಂತಳು. ಮೈಸೂರು ಅನ್ನುವ ಮಾತನ್ನು ನಾನವಳಿಗೆ ಕಲಿಸಿರಲಿಲ್ಲ.