ಪಂಚಮಿಗೆ ತವರಿಗೆ ಕಳಿಸಿದ್ದು

ಎಳ್ಳು ಹುರಿಯುವ ವಾಸನೆ ಎಲ್ಲಿಂದಾದರೂ ತೇಲಿಬಂದರೆ ಸಾಕು, ಠಾಣೆ ಶಹರದ ಬದಿಯ ಕೋಪರಿಯ ಚಾಳಿನಲ್ಲಿದ್ದ ನಮ್ಮ ಎರಡು ಖೋಲಿಯ ಮನೆ ನೆನಪಾಗುತ್ತದೆ, ಅದರ ಹಿಂದೆಯೇ ಕಾಶವ್ವ. ಈಗ ಆ ಚಾಳು ಇಲ್ಲ, ಅವ್ವನೂ ಇಲ್ಲ. ಕಾಶವ್ವ ಇದ್ದಾಳೋ ಇಲ್ಲವೋ, ದೇವರೇ ಬಲ್ಲ. ವಿಜಯಪುರದ ಕಡೆಯ ನಮ್ಮೂರಿಂದ ದೊಡ್ಡವ್ವ ಅವಳನ್ನು ಮನೆಗೆಲಸಕ್ಕೆ ಕರೆತಂದಾಗ ಅವಳು ನನ್ನಷ್ಟೇ ಎತ್ತರದ ಹುಡುಗಿ. ನಾನು ಪಾಟಿಚೀಲ ಹೊತ್ತು ಶಾಲೆಗೆ ಹೊರಟರೆ ಅವಳು ಮುಸುರೆ ತಿಕ್ಕುತ್ತಿದ್ದಳು. "ಮನಿ ಮಗಳಿದ್ಹಂಗ" ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಎಂಥ ಮಗಳೋ! ನಿಮ್ಮ ಮನೆಯಲ್ಲೂ ಅಂಥವಳೊಬ್ಬಳು ಇದ್ದಿರಬಹುದು. ಆದರೂ ಅವಳು ನಮ್ಮಲ್ಲಿ ನಗುತ್ತಿದ್ದಳು, ಅದು ಸುಳ್ಳಲ್ಲ. ಬಾಗಿಲಿಗೆ ಚಿಲಕ ಹಾಕಿದರೆ ಮಾತ್ರ ಬೆದರುತ್ತಿದ್ದಳು. ಯಾಕೆಂದು ಅವ್ವ ಕೇಳಿದಾಗ ತಲೆ ತಗ್ಗಿಸಿ ಹೇಳಿದಳು: "ಅಪ್ಪ ಕುಡದ ಬಂದು, ಚಿಲಕಾ ಹಾಕಿ ಬಡೀತಾನ್ರಿ. ಅದಕ್ಕ ದೊಡ್ಡವ್ವಾರ ಬೆನ್ನ ಹತ್ತಿ ಬಂದೇನ್ರಿ." ಪೇಟೆಯ ಆಸೆಗೆ ಮಕ್ಕಳು ಮನೆ ಬಿಡುತ್ತಾರೆ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಪಂಚಮಿ ಬಂತು. ಹೆಣ್ಣುಮಕ್ಕಳು ತವರಿಗೆ ಹೋಗಿ ಜೋಕಾಲಿ ಆಡುವ ಹಬ್ಬ. ತನ್ನನ್ನು ಕರೆಯಲು ಬರುತ್ತಿದ್ದ ಅಣ್ಣ ತೀರಿಕೊಂಡ ಮೇಲೆ ಅವ್ವನಿಗೆ ತವರಿನ ಹುಚ್ಚು ಇನ್ನೂ ಹೆಚ್ಚಾಗಿತ್ತು. ಹಬ್ಬಕ್ಕೆ ಹೆಣ್ಣುಮಗುವನ್ನು ಹಿಡಿದಿಟ್ಟುಕೊಂಡರೆ ಪಾಪ ತಟ್ಟುತ್ತದೆ ಎಂದು ಹಟ ಹಿಡಿದಳು. ಎಳ್ಳುಂಡಿ ಕಟ್ಟಿದಳು, ಹೊಸ ಲಂಗ ಹೊಲಿಸಿದಳು. "ಬ್ಯಾಡ್ರಿ ಅವ್ವಾರ, ಇಲ್ಲೇ ಇರ್ತೀನ್ರಿ" ಎಂದು ಕಾಶವ್ವ ಅವಳ ಸೆರಗು ಹಿಡಿದುಕೊಂಡಳು. "ಹುಚ್ಚಿ! ಹಬ್ಬಕ್ಕ ಮಗಳು ಬಂದ್ರ ಎಂಥಾ ಅಪ್ಪಂದೂ ಕರುಳು ಕರಗತೈತಿ" ಎಂದು ಅವ್ವ ತಾನೇ ಕಣ್ಣೊರೆಸಿಕೊಂಡಳು. ತವರಂತೆ, ತವರು! ಠಾಣೆಯ ರೈಲು ನಿಲ್ದಾಣದಲ್ಲಿ ಅವಳನ್ನು ದೊಡ್ಡವ್ವನ ಜೊತೆ ಊರಿನ ಗಾಡಿ ಹತ್ತಿಸಿದೆವು. ಕಲ್ಯಾಣ ಸ್ಟೇಷನ್ನಿನಲ್ಲಿ ನೀರು ತರುತ್ತೇನೆಂದು ಇಳಿದ ಕಾಶವ್ವ ಮತ್ತೆ ಹತ್ತಲಿಲ್ಲ. ಉಂಡಿಯ ಗಂಟು ಸೀಟಿನ ಮೇಲೆಯೇ ಉಳಿದಿತ್ತು.

ಪೊಲೀಸರಿಗೆ ಹೇಳಿದೆವು, ಏನೂ ಆಗಲಿಲ್ಲ. ಅವ್ವ ಲೋಕಲ್ ಹಿಡಿದು ಕಲ್ಯಾಣಕ್ಕೆ ಹೋಗಿ, ಪ್ಲಾಟ್‌ಫಾರ್ಮಿನಲ್ಲಿ ಬಾಟಲಿ ಆಯುವ ಹುಡುಗಿಯರ ಗದ್ದ ಎತ್ತಿ ನೋಡುತ್ತಿದ್ದಳು. "ಕ್ಯಾ ದೇಖ್ತೀ ಹೈ, ಆಂಟಿ?" ಎಂದು ಅವರು ಕೊಸರಿಕೊಂಡು ಓಡುತ್ತಿದ್ದರು. ಮುಂದೆ ನಮ್ಮ ಮನೆಯಲ್ಲಿ ಯಾವ ಪಂಚಮಿಗೂ ಉಂಡಿ ಕಟ್ಟಲಿಲ್ಲ. ಕೋಪರಖೈರಣೆಯ ಫ್ಲ್ಯಾಟಿಗೆ ಬಂದ ಮೇಲೂ ಅವ್ವ ಬಾಗಿಲಿಗೆ ಚಿಲಕ ಹಾಕಗೊಡಲಿಲ್ಲ. ಕಳ್ಳರ ಕಾಟವೆಂದು ನಾನು ರೇಗಿದರೆ ಒಂದೇ ಮಾತು: "ಇರ್ಲಿ ಬಿಡವಾ. ಬಂದ್ರ ಅಕಿ ಅಂಜತಾಳ."

ಅವ್ವ ಹೋದ ಮೇಲೆ ಒಂದು ಸಂಜೆ ನಾನೇ ಎದ್ದು ಚಿಲಕ ಹಾಕಿದೆ. ಇನ್ನು ಯಾರೂ ಬರುವವರಿರಲಿಲ್ಲ.