ಕೈಯಲ್ಲಿ ಆಡಿದ ಪ್ರಮಾಣ

ತಾಕ್ ಯೊನ್‌ಸಿಲ್‌ಗೆ ಮಾತು ಬಂದದ್ದು ಮೊದಲು ಕೈಗೆ, ಆಮೇಲೆ ಬಾಯಿಗೆ. ಅಪ್ಪ ಅಮ್ಮ ಇಬ್ಬರೂ ಹುಟ್ಟುಕಿವುಡರು. ಮನೆಗೆ ಬಂದವರ ಮಾತನ್ನು ಅಪ್ಪನಿಗೆ ದಾಟಿಸುವ ಕೆಲಸ ಹಾಲುಹಲ್ಲು ಬೀಳುವ ಮುಂಚೆಯೇ ಅವಳ ಪಾಲಿಗೆ ಬಂದಿತ್ತು. ಮನೆಯ ಮಾಲೀಕ ಬಂದು ಬಾಯಿಗೆ ಬಂದಂತೆ ಬೈದರೆ ಅವಳು ಅದಕ್ಕೆ ಸ್ವಲ್ಪ ಬೆಲ್ಲ ಸವರಿ ಹೇಳುತ್ತಿದ್ದಳು. ಅಪ್ಪ ಬೊಂಗ್‌ಸುವಿಗೆ ತಕ್ಷಣ ಗೊತ್ತಾಗುತ್ತಿತ್ತು.

"ಅವನ ಮುಖ ನೋಡಿದ್ರೆ ಇಷ್ಟು ಒಳ್ಳೆ ಮಾತಾಡೋ ಹಾಗಿಲ್ವಲ್ಲ. ಆಡಿದ್ದನ್ನ ಆಡಿದ ಹಾಗೇ ಹೇಳು. ಬೈಗುಳ ಬಂದಿರೋದು ನನಗೆ, ನೀನ್ಯಾಕೆ ಅರ್ಧ ತಿಂತೀಯಾ?" ಎಂದು ಕೈಯಲ್ಲೇ ಗದರುತ್ತಿದ್ದ.

ಬೊಂಗ್‌ಸು ರಾಜಧಾನಿಯ ಯೊಂಗ್‌ದುಂಗ್‌ಪೊ ಮಾರ್ಕೆಟ್ಟಿನ ಓಣಿಯಲ್ಲಿ, ಜನ ಸಹಿಯ ಬದಲು ಒತ್ತುವ ಹೆಸರಿನ ಮೊಹರು ಕೆತ್ತುತ್ತಿದ್ದ. ಬೀರುವಿನಷ್ಟು ಅಗಲದ ಅಂಗಡಿ. ಬೆರಳುದ್ದದ ಮರದ ತುಂಡಿನ ತುದಿಯಲ್ಲಿ ಹೆಸರನ್ನು ತಿರುವುಮುರುವಾಗಿ ಕೆತ್ತುವ ಆ ಕೈಗಳೇ ಅವನ ನಾಲಿಗೆಯೂ ಆಗಿದ್ದವು. ಊರ ಕಿವುಡರೆಲ್ಲ ಸಂಜೆ ಅಲ್ಲಿ ಸೇರುತ್ತಿದ್ದರು. ಸದ್ದಿಲ್ಲದ ಆ ಹರಟೆ ಕಂಡು ಪಕ್ಕದ ಸೂಪಿನಂಗಡಿಯ ಗುಮ್ನೆ, "ನನ್ನ ಗಿರಾಕಿಗಳಿಗಿಂತ ಇವರದ್ದೇ ಗಲಾಟೆ ಜಾಸ್ತಿ" ಎನ್ನುತ್ತಿದ್ದಳು.

ಅಮ್ಮ ಬೇಗ ತೀರಿಕೊಂಡಳು. ಯೊನ್‌ಸಿಲ್ ದೊಡ್ಡವಳಾಗಿ ಕೈಮಾತಿನ ದುಭಾಷಿಯಾದಳು. ಒಂದು ವರ್ಷ ಹೊಸ ರಾಷ್ಟ್ರಾಧ್ಯಕ್ಷರು ಪ್ರಮಾಣ ತೆಗೆದುಕೊಳ್ಳುವ ಸಮಾರಂಭಕ್ಕೆ ಟಿವಿಯವರು ಅವಳನ್ನೇ ಕರೆದರು. ಅಧ್ಯಕ್ಷರು ಬಲಗೈ ಎತ್ತಿ, ಸಂವಿಧಾನವನ್ನು ಪಾಲಿಸುತ್ತೇನೆ, ಪ್ರಜೆಗಳ ಸ್ವಾತಂತ್ರ್ಯಕ್ಕೂ ಕ್ಷೇಮಕ್ಕೂ ದುಡಿಯುತ್ತೇನೆ ಎಂದರು. ಪರದೆಯ ಮೂಲೆಯಲ್ಲಿ ಯೊನ್‌ಸಿಲ್ ತನ್ನ ಎದೆ ಮುಟ್ಟಿ 'ನಾನು' ಎಂದು ಶುರುಮಾಡಿ ಅಷ್ಟನ್ನೂ ಕೈಯಲ್ಲಿ ಆಡಿದಳು.

"ಪ್ರಮಾಣ ಮಾಡಿದ್ದು ನೀನೇ ಬಿಡು," ಎಂದು ಅಪ್ಪ ಛೇಡಿಸಿದ. "ಆ ಮನುಷ್ಯ ಸುಮ್ನೆ ಬಾಯಿ ಆಡಿಸ್ತಿದ್ದ."

ಮೂರನೆಯ ಚಳಿಗಾಲದಲ್ಲಿ ಅದೇ ಅಧ್ಯಕ್ಷರು ಒಂದು ರಾತ್ರಿ ಇದ್ದಕ್ಕಿದ್ದಂತೆ ಟಿವಿಯಲ್ಲಿ ಕಾಣಿಸಿಕೊಂಡು, ಸಂಸತ್ತಿಗೆ ಬೀಗ, ಇನ್ನು ಮುಂದೆ ಸೈನ್ಯದ ಆಡಳಿತ ಎಂದು ಘೋಷಿಸಿದರು. ಆ ಹೊತ್ತು ಪರದೆಯ ಮೂಲೆಯಲ್ಲಿ ಯಾರೂ ಇರಲಿಲ್ಲ. ಕಿವುಡರಿಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಕೆಲಸದ ಮೇಲೆ ದೂರದ ಬುಸಾನ್‌ಗೆ ಹೋಗಿದ್ದ ಯೊನ್‌ಸಿಲ್ ಅಪ್ಪನಿಗೆ ಮೇಲಿಂದ ಮೇಲೆ ಸಂದೇಶ ಕಳಿಸಿದಳು. ಅಪ್ಪ ಆಗಲೇ ಮಲಗಿದ್ದ.

ಬೆಳಿಗ್ಗೆ ಎದ್ದು ಫೋನನ್ನೂ ನೋಡದೆ ಎಂದಿನಂತೆ ಹೊಳೆಯ ಕಡೆ ವಾಕಿಂಗ್ ಹೊರಟ. ಸಂಸತ್ತಿನ ಕಡೆಗೆ ಹೋಗುವ ಸೇತುವೆಯ ಮೇಲೆ ಸೈನಿಕರಿದ್ದರು. ಹಿಂದಿನಿಂದ ನಿಲ್ಲು ಎಂದು ಕೂಗಿದರು. ಅವನು ನಡೆಯುತ್ತಲೇ ಇದ್ದ. ಒಬ್ಬ ಓಡಿಬಂದು ಅಡ್ಡಗಟ್ಟಿದಾಗ, ಕಿವುಡನೆಂದು ತೋರಿಸುವ ಕಾರ್ಡಿಗಾಗಿ ಜೇಬಿಗೆ ಕೈ ಹಾಕಿದ. ಬಂದೂಕಿನ ಹಿಡಿ ಆ ಕೈಯ ಮೇಲೆ ಬಿತ್ತು, ಒಂದಲ್ಲ, ಹಲವು ಸಲ.

ಅಂದೇ ಮಧ್ಯಾಹ್ನ ಸಂಸತ್ ಸದಸ್ಯರು ಗೋಡೆ ಹಾರಿ ಒಳಗೆ ಸೇರಿ ಆ ಆಜ್ಞೆಯನ್ನು ರದ್ದು ಮಾಡಿದರು. ಸೈನಿಕರು ಲಾರಿ ಹತ್ತಿ ಹೊರಟುಹೋದರು. ಬೊಂಗ್‌ಸುವಿನ ಬಲಗೈಯ ಬೆರಳುಗಳು ಮಾತ್ರ ಮೊದಲಿನಂತಾಗಲಿಲ್ಲ. ಉಳಿ ಹಿಡಿಯಲಾಗಲಿಲ್ಲ. ಎಡಗೈಯಲ್ಲಿ ಆಡುವ ಮಾತು ತೊದಲಾಯಿತು. ಗೆಳೆಯರು ಏನು, ಏನು ಎಂದು ಮತ್ತೆ ಮತ್ತೆ ಕೇಳತೊಡಗಿದಾಗ ಅವನೇ ಮಾತು ಕಡಿಮೆ ಮಾಡಿದ. ಅವರಲ್ಲೊಬ್ಬ ಯೊನ್‌ಸಿಲ್‌ಳನ್ನು ಕಂಡು, "ಪ್ರಜೆಗಳ ಕ್ಷೇಮ ಅಂತ ಅವತ್ತು ಹೇಳಿದ್ದು ನೀನೇ ಅಲ್ವಾ?" ಎಂದ. ತಮಾಷೆಗೇ ಅಂದಿದ್ದ.

ಅಧ್ಯಕ್ಷರು ಪ್ರಮಾಣವನ್ನು ಮುರಿದರೇ ಎಂಬ ಪ್ರಶ್ನೆ ದೊಡ್ಡ ಕೋರ್ಟಿಗೆ ಹೋಯಿತು. ಬೊಂಗ್‌ಸುವೂ ಸಾಕ್ಷಿ ಹೇಳಬೇಕಾಯಿತು. ಮಗಳು ಅಪ್ಪನ ದುಭಾಷಿಯಾಗುವಂತಿಲ್ಲವೆಂದು ಬೇರೊಬ್ಬಳನ್ನು ನೇಮಿಸಿದರು. ಅವಳಿಗೆ ಆ ಮುರುಕು ಕೈಯ ಮಾತು ತಿಳಿಯಲಿಲ್ಲ. "ಇನ್ನೊಂದ್ಸಲ ಹೇಳಿ ತಾತ" ಎಂದು ಅವಳು ಕೇಳಿದಾಗಲೆಲ್ಲ ಬೊಂಗ್‌ಸು ಬೆವರುತ್ತ ಮತ್ತೆ ಶುರುಮಾಡುತ್ತಿದ್ದ. ಹಿಂದಿನ ಬೆಂಚಿನಲ್ಲಿ ಯೊನ್‌ಸಿಲ್ ತನ್ನ ಕೈಗಳ ಮೇಲೆ ತಾನೇ ಕೂತಿದ್ದಳು, ಎಲ್ಲಿ ತಾವಾಗಿಯೇ ಎದ್ದು ಮಾತಾಡಿಬಿಡುತ್ತವೋ ಎಂದು.

ಅಧ್ಯಕ್ಷರ ವಕೀಲ ಕೇಳಿದ: "ನಿಮ್ಮನ್ನ ಹೊಡೆಯೋಕೆ ಅಧ್ಯಕ್ಷರು ಹೇಳಿದ್ದನ್ನ ನೀವು ಕೇಳಿಸ್ಕೊಂಡ್ರಾ?"

ಪ್ರಶ್ನೆ ಕೈಗಳಿಗೆ ದಾಟಿ ತನ್ನನ್ನು ತಲುಪಿದಾಗ ಬೊಂಗ್‌ಸು ಎಡಗೈ ಎತ್ತಿದ. "ನಾನು ಏನನ್ನೂ ಕೇಳಿಸ್ಕೊಂಡಿಲ್ಲ," ಎಂದ.

ತೀರ್ಪಿನ ದಿನಕ್ಕೆ ಟಿವಿಯವರು ಮತ್ತೆ ಯೊನ್‌ಸಿಲ್‌ಳನ್ನೇ ಕರೆದರು. ಅಪ್ಪನ ಸಂಗತಿ ಹೇಳಿ ಅವಳು ಒಲ್ಲೆನೆಂದಳು. ಬೇರೆ ಜನ ಸಿಗಲಿಲ್ಲ, ನಿಮ್ಮ ಅಡ್ಡಿಯಿಲ್ಲದಿದ್ದರೆ ನಮ್ಮದೇನಿಲ್ಲ ಎಂದರು ಅವರು.

"ಬೇಡ ಕಣೇ," ಎಂದಳು ಗುಮ್ನೆ. "ಹುಣ್ಣಿನ ಮೇಲೆ ನೀನೇ ಖಾರ ಹಾಕ್ಕೋತೀಯಾ?"

ಅಪ್ಪ ಗುಮ್ನೆಯ ಮಾತನ್ನು ಒಪ್ಪಲಿಲ್ಲ. "ಹೋಗು. ಬೇರೆಯವರ ಕೈ ನನಗೆ ಹಿಡಿಸಲ್ಲ."

ನ್ಯಾಯಾಧೀಶರು ಓದಿದರು, ಅವಳು ಆಡಿದಳು. ಸಂಸತ್ತಿಗೆ ಸೈನ್ಯ ಕಳಿಸಿದ್ದು ಸಂವಿಧಾನದ್ರೋಹ. ಆ ಮಟ್ಟಿಗೆ ಪ್ರಮಾಣ ಮುರಿದಿದೆ. ಅಧ್ಯಕ್ಷರನ್ನು ಪದವಿಯಿಂದ ತೆಗೆಯಲಾಗಿದೆ. ಆದರೆ ಪ್ರಜೆಗಳ ಕ್ಷೇಮಕ್ಕೆ ಮನಸಾರೆ ದುಡಿದರೋ ಇಲ್ಲವೋ ಎಂಬುದು ಅಂತಃಕರಣದ ಮಾತು, ಅದನ್ನು ನ್ಯಾಯಾಲಯ ತೂಗಲಾರದು. ಸೇತುವೆಯ ಮೇಲೆ ಗಾಯಗೊಂಡ ನಾಗರಿಕನ ವಿಷಯದಲ್ಲಿ ಅಧ್ಯಕ್ಷರ ಆಜ್ಞೆಯಿತ್ತೆಂದು ಸಾಬೀತಾಗಿಲ್ಲ. ಯೊನ್‌ಸಿಲ್ ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. 'ನಾಗರಿಕ' ಎನ್ನುವಾಗ ಮಾತ್ರ ಕ್ಯಾಮೆರಾದಿಂದ ಕಣ್ಣು ತಿರುಗಿಸಿದಳು.

ಬೀದಿಯಲ್ಲಿ ಜನ ಅಪ್ಪಿಕೊಂಡು ಅಳುತ್ತಿದ್ದರು, ನಗುತ್ತಿದ್ದರು. ಗುಮ್ನೆ ಬಂದವರಿಗೆಲ್ಲ ಬಿಟ್ಟಿ ಸೂಪು ಬಡಿಸುತ್ತಿದ್ದಳು. ಯೊನ್‌ಸಿಲ್ ಮರಳಿದಾಗ ಬೊಂಗ್‌ಸು ಅಂಗಡಿಯೊಳಗೆ ಒಬ್ಬನೇ ಕೂತಿದ್ದ.

"ಹೋದನಲ್ಲ?" ಎಂದ ಎಡಗೈಯಲ್ಲಿ.

"ಹೋದ, ಅಪ್ಪಾ."

"ನನ್ನ ಕೈಗಾಗಿ ಅಲ್ಲ."

"ಅಲ್ಲ."

"ಅವರು ತೂಗಲ್ಲ ಅಂದ್ರೆ ಇನ್ಯಾರು ತೂಗ್ತಾರೆ?"

ಬೇಸಿಗೆಯ ಹೊತ್ತಿಗೆ ಅಂಗಡಿ ಖಾಲಿ ಮಾಡಿದರು. ಅಲ್ಲಿ ಈಗ ಫೋನಿನ ಕವರು ಮಾರುತ್ತಾರೆ. ಹೊಸ ಅಧ್ಯಕ್ಷರ ಸಮಾರಂಭಕ್ಕೆ ಕರೆ ಬಂದಾಗ ಅವಳು ಹೋಗಲಿಲ್ಲ. ಆಸ್ಪತ್ರೆಗಳಲ್ಲಿ ರೋಗಿಗಳ ಪಕ್ಕ ನಿಂತು ಮಾತು ದಾಟಿಸುವ ಕೆಲಸ ಹಿಡಿದಳು.

ಭಾನುವಾರಗಳಂದು ಅಪ್ಪನನ್ನು ಕರೆದುಕೊಂಡು ಸಂತೆಗೆ ಹೋಗುತ್ತಾಳೆ. ಒಮ್ಮೆ ಹಿಂದಿನಿಂದ ಯಾರೋ ಜೋರಾಗಿ ಕೂಗಿದರೆಂದು ಅವಳು ತಿರುಗಿ ನೋಡಿದಳು. ಅವಳು ತಿರುಗಿದ್ದನ್ನು ಕಂಡ ಬೊಂಗ್‌ಸು ಗಕ್ಕನೆ ನಿಂತು ಎರಡೂ ಕೈ ಮೇಲೆತ್ತಿದ. ಸುತ್ತಲಿನವರು ನೋಡತೊಡಗಿದರು. ಅವಳು ಆ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದಳು.

"ಮೀನಿನ ಗಾಡಿಯವನು ಅಪ್ಪಾ. ದಾರಿ ಬಿಡಿ ಅಂತಿದ್ದಾನೆ."

ಬೊಂಗ್‌ಸು ಬಗ್ಗಿ ಗಾಡಿಯೊಳಗೆ ಇಣುಕಿದ. "ಬಂಗುಡೆ ತಾಜಾ ಇದ್ಯಾ ಕೇಳು," ಎಂದ.