ಐರಣಿ ಕಡೆಯ ಐದು ಚುಕ್ಕಿ ರನ್‌ವೇ

ಕೋವಿಡ್ ಗಲಾಟೆ ಮುಗಿದು ಎರಡು ವರ್ಷವಾಗಿತ್ತು. ಆಗ ನಾನು ಬೆಂಗಳೂರಿನ ಒಂದು ಸಣ್ಣ ಚಾರ್ಟರ್ ಕಂಪನಿಯಲ್ಲಿ ಹಿರಿಯ ಕ್ಯಾಪ್ಟನ್ ಆಗಿದ್ದೆ. ಚಾರ್ಟರ್ ಎಂದರೆ ಬಾಡಿಗೆ ವಿಮಾನ. ನಮ್ಮ ಕಡೆ ಟ್ರ್ಯಾಕ್ಸ್ ಗಾಡಿ ಬಾಡಿಗೆ ಹಿಡಿದು ಮದುವೆಗೆ ಹೋಗುತ್ತಾರಲ್ಲ, ಅದೇ ಕಸುಬು. ಚಕ್ರ ನೆಲ ಬಿಡುತ್ತದೆ, ಅಷ್ಟೇ ವ್ಯತ್ಯಾಸ. ಈಗ ನಿವೃತ್ತನಾಗಿ ಹಾವೇರಿಯಲ್ಲಿ ಮನೆ ಮಾಡಿಕೊಂಡಿದ್ದೇನೆ. ಯಾರ ಮನೆಯ ಊಟಕ್ಕೆ ಹೋದರೂ ಪಂಕ್ತಿಯಲ್ಲಿ ಪಕ್ಕದವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಕ್ಯಾಪ್ಟನ್ರ, ನಾವು ಹೋಟೆಲ್‌ಗೆ ಹೋಗೂ ಮೊದ್ಲ ಮೊಬೈಲ್‌ನಾಗ ಚುಕ್ಕಿ ನೋಡ್ತೀವಿ. ನೀವೂ ಹಂಗ ನೋಡ್ತೀರೇನು?"

ನೋಡುತ್ತೇವೆ. ಆದರೆ ನಂಬುತ್ತೇವೆಯೇ ಎಂದು ಕೇಳಿದರೆ ಉತ್ತರಕ್ಕೆ ರೊಟ್ಟಿ ಆರಿ ಹೋಗುವಷ್ಟು ಹೊತ್ತು ಬೇಕು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡ ವಿಮಾನ ನಿಲ್ದಾಣಗಳ ವಿಷಯದಲ್ಲಿ ಈ ತಾಪತ್ರಯ ಇಲ್ಲ. ರನ್‌ವೇ ಎಷ್ಟು ಉದ್ದ, ದೀಪ ಎಲ್ಲಿ, ಯಾವ ರೇಡಿಯೋ ಎಂಬುದೆಲ್ಲ ಸರ್ಕಾರದ ಎಐಪಿ ಎಂಬ ಗ್ರಂಥದಲ್ಲಿ ಇರುತ್ತದೆ. ನಾಳೆ ಅಲ್ಲೊಂದು ಕ್ರೇನ್ ನಿಲ್ಲುತ್ತದೆ ಎಂದರೆ ನೋಟಾಮ್ ಎಂಬ ಸೂಚನೆ ಬರುತ್ತದೆ. ಕಷ್ಟ ಇರುವುದು ಖಾಸಗಿ ಏರ್‌ಸ್ಟ್ರಿಪ್‌ಗಳದ್ದು. ಯಾವನೋ ಉದ್ಯಮಿ ಉಮೇದಿನಲ್ಲಿ ಡಾಂಬರು ಹಾಕಿಸಿರುತ್ತಾನೆ; ಆಮೇಲೆ ಉದ್ಯಮ ಮುಚ್ಚುತ್ತದೆ, ಡಾಂಬರು ಉಳಿಯುತ್ತದೆ. ಅಂಥ ಕಡೆಗೆ ಹೋಗುವಾಗ ಪೈಲಟ್‌ಗಳೇ ಅನುಭವ ಬರೆದಿಡುವ ವೆಬ್‌ಸೈಟ್‌ಗಳನ್ನು ಒಮ್ಮೆ ತೆರೆದು ನೋಡುತ್ತೇವೆ.

ಆ ಫೆಬ್ರವರಿಯಲ್ಲಿ ನನಗೆ ಬಂದ ಕೆಲಸ ಅಂಥದ್ದೇ. ಕಣ್ಣಿನ ತಜ್ಞ ಡಾಕ್ಟರ್ ಮೂರ್ತಿಯವರನ್ನು ಬೆಂಗಳೂರಿನಿಂದ, ರಾಣೇಬೆನ್ನೂರು-ಐರಣಿ ದಾರಿಯಲ್ಲಿದ್ದ ಒಂದು ಏರ್‌ಸ್ಟ್ರಿಪ್‌ಗೆ ಒಯ್ಯಬೇಕಿತ್ತು. ಹಿಂದೆ ಅಲ್ಲೊಂದು ಮಿಲ್ಲು ಇತ್ತು. ಅದರ ಖಾಲಿ ಗೋದಾಮಿನಲ್ಲಿ ಮುದುಕ ಮುದುಕಿಯರಿಗೆ ಕಣ್ಣಿನ ಶಿಬಿರ. ಡಾಕ್ಟರಿಗೆ ಅದೇ ಸಂಜೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಇದ್ದುದರಿಂದ ರಸ್ತೆಯಲ್ಲಿ ಹೋಗಿಬರುವಷ್ಟು ಪುರುಸೊತ್ತಿರಲಿಲ್ಲ. ಮುಂಬೈಯಲ್ಲಿರುವ ಮಾಲೀಕರ ಕಚೇರಿ ಅನುಮತಿ ಪತ್ರ ಕೊಟ್ಟು ಕೈತೊಳೆದುಕೊಂಡಿತ್ತು. ಸೈಟಿನಲ್ಲಿ ಆ ಸ್ಟ್ರಿಪ್‌ಗೆ ಐದಕ್ಕೆ ನಾಲ್ಕೂವರೆ ಚುಕ್ಕಿ ಇರುವುದನ್ನು ನೋಡಿ ಡಾಕ್ಟರೂ ನಿಶ್ಚಿಂತರಾಗಿದ್ದರು.

ನಾನು ಚುಕ್ಕಿ ಬಿಟ್ಟು ಅಕ್ಷರ ಓದಿದೆ. ಮೊದಲನೆಯದು ಹೀಗಿತ್ತು: "ಇಂಥಾ ನೆಲ ಜಿಲ್ಲಾದಾಗ ಎಲ್ಲೂ ಇಲ್ಲ. ಮಣ್ಣು ಹತ್ತೂದಿಲ್ಲ. ಬಿಸಲು ಪೂರಾ ಬೀಳ್ತೈತಿ." ಐದು ಚುಕ್ಕಿ. ಪೈಲಟ್ ಬಿಸಿಲನ್ನು ಹೊಗಳಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಎರಡನೆಯದು: "ಇಬ್ಬನಿ ಕಮ್ಮಿ. ವಾರದಾಗ ಗಲಗಲ ಅಂತಾವ." ಇದಕ್ಕೂ ಐದು. ವಾರದೊಳಗೆ ಗಲಗಲ ಎನ್ನುವ ವಿಮಾನವನ್ನು ನಾನಂತೂ ಹಾರಿಸುವುದಿಲ್ಲ. ಮೂರನೆಯದನ್ನು ಬರೆದವರು ಕ್ಯಾಪ್ಟನ್ ರಾಕೇಶ ಎಂಬ ಮಹಾಶಯರು: "ರನ್‌ವೇ ಭಾಳ ಖರಾಬ್ ಐತಿ. ಹಂದಿ ಅದಾವ, ಹಾವು ಅದಾವ, ಸಂಜೀಕ ದೆವ್ವ ಐತಿ. ವಿಮಾನದವ್ರು ಯಾರೂ ಬರಬ್ಯಾಡ್ರಿ." ಒಂದೇ ಚುಕ್ಕಿ. ಇಂಥ ಒಂಟಿ ಚುಕ್ಕಿಯ ಕ್ಯಾಪ್ಟನ್ನರೆಲ್ಲ ಪ್ರತಿವರ್ಷ ಸಂಕ್ರಾಂತಿಯಿಂದ ಯುಗಾದಿಯೊಳಗೇ ಬಂದು ಹೋಗಿದ್ದರು.

ನಾನು ಹುಟ್ಟಿದ್ದು ಕರ್ಜಗಿಯಲ್ಲಿ. ಸಂಕ್ರಾಂತಿಯಿಂದ ಯುಗಾದಿಯವರೆಗೆ ನಮ್ಮ ಸೀಮೆಯಲ್ಲಿ ಸಮತಟ್ಟಾದ ನೆಲ ಕಂಡರೆ ಜನ ಏನು ಮಾಡುತ್ತಾರೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೆಣಸಿನಕಾಯಿ ಹರವುತ್ತಾರೆ. ಐದು ಚುಕ್ಕಿ ಕೊಟ್ಟವರು ಕಾಯಿ ಒಣಗಿಸಿ ಸುಖಪಟ್ಟವರು. ಒಂದು ಚುಕ್ಕಿ ಕೊಟ್ಟವರೂ ಅವರೇ, ವಿಮಾನ ಬರದಿರಲಿ ಎಂದು. ಓದುತ್ತ ಓದುತ್ತ ನನಗೆ ನಗು ತಡೆಯಲಾಗಲಿಲ್ಲ.

ಖಾತ್ರಿ ಮಾಡಿಕೊಳ್ಳೋಣವೆಂದು ಸೈಟಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ.

"ಏರ್‌ಸ್ಟ್ರಿಪ್ಪಾ?" ಎಂದೆ.

"ಹೌದ್ರಿ, ಹೇಳ್ರಿ. ಎಷ್ಟು ಚೀಲ?"

"ಚೀಲ ಅಲ್ರಿ, ವಿಮಾನ. ನಾಳೆ ಮುಂಜಾನೆ ಇಳಸಬೇಕು."

"ಇಳಸಾಕ ಹಮಾಲರು ನಮ್ಮವ್ರ ಅದಾರ ಬಿಡ್ರಿ. ಕಡ್ಡಿಯೋ, ಡಬ್ಬಿಯೋ?"

ಕಡ್ಡಿ, ಡಬ್ಬಿ ಎಂದರೆ ಮೆಣಸಿನಕಾಯಿಯ ಎರಡು ಜಾತಿ. ಅದು ಬ್ಯಾಡಗಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿ. ಸ್ಟ್ರಿಪ್ಪಿನ ಮೇಲೆ ಒಣಗಿದ ಕಾಯಿಯೆಲ್ಲ ಅವರ ಅಂಗಡಿಗೇ ಹೋಗುತ್ತಿದ್ದುದರಿಂದ ಯಾರೋ ಪುಣ್ಯಾತ್ಮರು ಸೈಟಿನಲ್ಲಿ ಅವರ ನಂಬರನ್ನೇ ಹಾಕಿಬಿಟ್ಟಿದ್ದರು. ನಾನು ಬಿಡಿಸಿ ಹೇಳಿದ ಮೇಲೆ ದಲಾಲರು ಗಾಬರಿಯಾಗಿ, "ಖರೇನ ವಿಮಾನೇನ್ರಿ? ಹಂಗಾರ ಗಂಗವ್ವನ್ನ ಕೇಳ್ರಿ. ಅಲ್ಲಿ ಎಲ್ಲಾ ಆಕೀದ ನಡೀತೈತಿ" ಎಂದು ಇನ್ನೊಂದು ನಂಬರ್ ಕೊಟ್ಟರು.

ಗಂಗವ್ವ ಸ್ಟ್ರಿಪ್ಪಿನ ಪಕ್ಕದ ಹೊಲದ ರೈತ ಮಹಿಳೆ. ಮಾಲೀಕರ ಅನುಮತಿ ಇದೆ ಎಂದು ನಾನು ಹೇಳಿದ್ದಕ್ಕೆ ಆಕೆ ಕೊಟ್ಟ ಉತ್ತರ ಯಾವ ಎಐಪಿಯಲ್ಲೂ ಇಲ್ಲ: "ಮಾಲಕ ಮುಂಬೈದಾಗ ಅದಾನ್ರಿ. ಕಾಯಿ ಇಲ್ಲಿ ಅದಾವ."

ಆಮೇಲೆ ಆಕೆಯ ದನಿ ಇಳಿಯಿತು. "ವರ್ಷದ ಪೀಕು ಪೂರಾ ಅದರ ಮ್ಯಾಲೆ ಹರವೇನ್ರಿ ಸಾಹೇಬ್ರ. ಸೋಮವಾರ ಬ್ಯಾಡಗಿಗೆ ಹೋಗಬೇಕು. ನಿಮ್ಮ ಫ್ಯಾನಿನ ಗಾಳಿಗೆ ಹಾರಿ ಮುಳ್ಳುಕಂಟ್ಯಾಗ ಬಿದ್ರ ಯಾರು ಆರಸ್ತಾರ? ಗಾಲಿ ಹಾದ್ರ ಯಾರು ತಗೋತಾರ?"

ನಗು ಅಲ್ಲಿಗೆ ನಿಂತಿತು. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣ ಮತ್ತು ಸುಕ್ಕು ಕೆಡದೆ ಇಡಿಯಾಗಿ ಇದ್ದರೆ. ಬರುವವರು ಕಣ್ಣಿನ ಡಾಕ್ಟರೆಂದು ತಿಳಿಸಿದೆ. ಆಕೆಯ ಅತ್ತೆಯ ಹೆಸರೂ ಶಿಬಿರದಲ್ಲಿ ಬರೆಸಿದ್ದರಂತೆ, ಸ್ವಲ್ಪ ಮೆತ್ತಗಾದಳು. "ನಿಮ್ಮ ಮಾತು ನಮ್ಮ ಕಡೀದ ಐತಲ್ಲ?" ಎಂದಳು. ಕರ್ಜಗಿ ಎಂದೆ. "ಹಂಗಂತ ಮೊದಲ ಹೇಳಬಾರದೇನೋ ತಮ್ಮಾ! ಮುಂಜಾನೆ ಬಿಸಲು ಏರೂದ್ರಾಗ ಪೂರಾ ಬಳದು ತಗೀತೀವಿ, ಬಾ."

ಮರುದಿನ ಆಕಾಶ ತಿಳಿಯಾಗಿತ್ತು. ನಮ್ಮದು ಆರು ಸೀಟಿನ, ಮೂಗಿನಲ್ಲಿ ಒಂದೇ ಪ್ರೊಪೆಲರ್ ಇರುವ ವಿಮಾನ. ಡಾಕ್ಟರು ನನ್ನ ಪಕ್ಕದಲ್ಲಿ ಕುಳಿತಿದ್ದರು. ತುಂಗಭದ್ರೆ ಕಂಡಿತು, ಕುಮಾರಪಟ್ಟಣದ ಚಿಮಣಿ ಕಂಡಿತು, ಆಮೇಲೆ ನಮ್ಮ ರನ್‌ವೇ ಕಂಡಿತು. ಉದ್ದಕ್ಕೂ ಎಡ ಅರ್ಧ ಬೂದು, ಬಲ ಅರ್ಧ ಕೆಂಪು.

ಏನಾಗಿತ್ತೆಂದರೆ, ಗಂಗವ್ವ ಮಾತು ತಪ್ಪಿರಲಿಲ್ಲ. ಓಣಿಯವರು ಸೇರಿ ತಿದ್ದುಪಡಿ ಮಾಡಿದ್ದರು. ನಮ್ಮ ಕಡೆ ರಸ್ತೆಯ ಮೇಲೆ ಜೋಳ, ಗೋವಿನಜೋಳ ಒಣಹಾಕುವಾಗ ಅರ್ಧ ರಸ್ತೆ ರಾಶಿಗೆ, ಅರ್ಧ ರಸ್ತೆ ಬಸ್ಸಿಗೆ ಎಂಬ ಪದ್ಧತಿಯುಂಟು. ನಮ್ಮ ವಿಮಾನದ ಫೋಟೋವನ್ನು ಮೊಬೈಲಿನಲ್ಲಿ ನೋಡಿ, ಇದು ಬಸ್ಸಿಗಿಂತ ಸಣ್ಣದು, ಎಡಕ್ಕೆ ಹಿಡಿದು ಹೋದರೆ ಸಲೀಸಾಗಿ ಹೋಗುತ್ತದೆ ಎಂದು ಹಿರಿಯರು ತೀರ್ಮಾನಿಸಿದ್ದರು. ರೆಕ್ಕೆಯ ಲೆಕ್ಕವನ್ನು ಯಾರೂ ಹಿಡಿದಿರಲಿಲ್ಲ.

"ಜಾಗ ಇದೆಯಲ್ಲ, ಇಳಿಸಿ ಕ್ಯಾಪ್ಟನ್. ನಾಲ್ಕೂವರೆ ಸ್ಟಾರ್ ರನ್‌ವೇ ಇದು" ಎಂದರು ಡಾಕ್ಟರು.

ಚಕ್ರಗಳಿಗೇನೋ ಜಾಗವಿತ್ತು. ಆದರೆ ಬಲರೆಕ್ಕೆ ಇಡೀ ರಾಶಿಯ ಮೇಲೆ ಹಾದು, ಪ್ರೊಪೆಲರ್ ಗಾಳಿಗೆ ಗಂಗವ್ವನ ವರ್ಷ ಐರಣಿಯ ಹೊಳೆ ಸೇರುತ್ತಿತ್ತು. ನಮ್ಮ ಎಂಜಿನ್ನಿಗೂ ಒಗ್ಗರಣೆ ಬೀಳುತ್ತಿತ್ತು. "ಅವರು ತೆಗೆದರೆ ಇಳಿಸುತ್ತೇನೆ. ಇಲ್ಲದಿದ್ದರೆ ಹುಬ್ಬಳ್ಳಿ" ಎಂದೆ. ಹುಬ್ಬಳ್ಳಿಗೆ ಹೋದರೆ ಅಲ್ಲಿಂದ ರಸ್ತೆಯಲ್ಲಿ ಬಂದು ಶಿಬಿರ ಮುಗಿಸಲು ಹೊತ್ತು ಸಾಲದೆಂದು ಇಬ್ಬರಿಗೂ ಗೊತ್ತಿತ್ತು. ಡಾಕ್ಟರು ಮುಖ ಗಂಟಿಕ್ಕಿದರು.

ಇಳಿಯಲಾಗದೆಂದು ತಿಳಿಸಲು ರೆಕ್ಕೆ ಅಲ್ಲಾಡಿಸಿದೆ. ಕೆಳಗಿನವರು ಸಂತೋಷದಿಂದ ಕೈ ಬೀಸಿದರು. ಇನ್ನೊಮ್ಮೆ ಅಲ್ಲಾಡಿಸಿದೆ. ಒಬ್ಬರು ಟವೆಲ್ಲನ್ನೇ ಬೀಸಿದರು. ಕಡೆಗೆ ಖಾಲಿ ಅರ್ಧದ ಆಚೆಯಿಂದ, ರಾಶಿಗೆ ದೂರವಾಗಿ, ಕೆಳಮಟ್ಟದಲ್ಲಿ ಒಂದು ಸುತ್ತು ಹಾದೆ. ಅಂಚಿನಲ್ಲಿ ಮಡಚಿಟ್ಟಿದ್ದ ತಾಡಪತ್ರಿಯೊಂದು ಎದ್ದು, ಬಿಚ್ಚಿಕೊಂಡು, ಹಿರಿಯರೊಬ್ಬರ ತಲೆಯ ಮೇಲೆ ಹೋಗಿ ಕುಳಿತಿತು. ಹಸಿರು ಸೀರೆಯ ಹೆಂಗಸೊಬ್ಬಳು ಆ ತಾಡಪತ್ರಿಯನ್ನು ನೋಡಿದಳು, ರಾಶಿಯನ್ನು ನೋಡಿದಳು, ಸೆರಗು ಕಟ್ಟಿದಳು. ಅವಳೇ ಗಂಗವ್ವ ಎಂದು ನನಗೆ ಮೇಲಿನಿಂದಲೇ ಗೊತ್ತಾಯಿತು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ, ನಗುವಿನಿಂದಲೂ ಹೌದು. ಓಣಿಯವರು ಸಾಲದೆ ಗೋದಾಮಿನ ಮುಂದೆ ಡಾಕ್ಟರಿಗಾಗಿ ಕಾಯುತ್ತಿದ್ದ ಮುದುಕ ಮುದುಕಿಯರೂ ಎದ್ದು ಬಂದರು. ಬಾಚುವವರು ಬಾಚಿದರು, ಬುಟ್ಟಿಯವರು ಹೊತ್ತರು. ಬಿದ್ದ ಒಂದೊಂದೇ ಕಾಯಿಯನ್ನು ಬಗ್ಗಿ ಆರಿಸುತ್ತಿದ್ದ ಮುದುಕಿಯೊಬ್ಬಳನ್ನು ಡಾಕ್ಟರು ಕಿಟಕಿಯಿಂದ ನೋಡಿಯೇ ನೋಡಿದರು.

"ಕ್ಯಾಪ್ಟನ್, ಕಣ್ಣು ಕಾಣದವರು ಇವರೇ ತಾನೇ?"

ನಾನು ಪೆಟ್ರೋಲಿನ ಮುಳ್ಳು ನೋಡುತ್ತ ಸುತ್ತುತ್ತಿದ್ದೆ. ಹುಬ್ಬಳ್ಳಿಗೆ ಬೇಕಾದಷ್ಟನ್ನು ಬಿಟ್ಟು ಉಳಿದದ್ದು ತೀರುತ್ತ ಬಂದಾಗ ಕೆಂಪೆಲ್ಲ ಬದುವಿನಾಚೆ ತಾಡಪತ್ರಿಯ ಕೆಳಗೆ ಸೇರಿತು. ತಾಡಪತ್ರಿ ಹಾರದಂತೆ ಅದರ ಅಂಚಿನ ಮೇಲೆ ಊರೇ ಕುಳಿತಿತು. ರನ್‌ವೇ ಮೇಲೆ ಒಂದು ನರಪಿಳ್ಳೆಯೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಇಳಿಸಿದೆ.

ರಾಶಿ ಹೋದರೂ ಬೀಜ, ಹುಡಿ, ಅಲ್ಲೊಂದು ಇಲ್ಲೊಂದು ಕಾಯಿ ಡಾಂಬರಿನ ಬಿರುಕಿನಲ್ಲಿ ಉಳಿದಿದ್ದವು. ವಿಮಾನ ನಿಂತು ಬಾಗಿಲು ತೆರೆದದ್ದೇ ತಡ, ಘಾಟು ಒಳಗೆ ನುಗ್ಗಿತು. ಊರೆಲ್ಲ ಸೀನುತ್ತ ನಮ್ಮನ್ನು ಸ್ವಾಗತಿಸಿತು. ಡಾಕ್ಟರು ಕೆಳಗಿಳಿಯುವಾಗ ಕೈ ಜಾರಿ ನೆಲ ಮುಟ್ಟಿದರು. ಅದೇ ಕೈಯಿಂದ ಕಣ್ಣು ಒರೆಸಿಕೊಂಡರು. ಆ ದಿನದ ಶಿಬಿರದ ಮೊದಲ ರೋಗಿ ಅವರೇ. ಗಂಗವ್ವ ತಂಬಿಗೆಯಿಂದ ತಣ್ಣೀರು ಹಾಕುತ್ತ, "ನಮ್ಮ ಕಾಯಿ ಅಷ್ಟೇನ್ ಖಾರ ಇಲ್ರಿ ಸಾಹೇಬ್ರ, ಬಣ್ಣಕ್ಕ ಹೆಸರಾದವು" ಎಂದು ಸಮಾಧಾನ ಹೇಳಿದಳು.

"ಬಣ್ಣ ಬಂದಿದೆಯಮ್ಮ" ಎಂದರು ಡಾಕ್ಟರು, ಕೆಂಡದಂಥ ಕಣ್ಣು ಬಿಟ್ಟು.

ಶಿಬಿರ ಚೆನ್ನಾಗಿಯೇ ನಡೆಯಿತು. ಕಾಯಿ ಆರಿಸುತ್ತಿದ್ದ ಮುದುಕಿ ಗಂಗವ್ವನ ಅತ್ತೆ. ಅಷ್ಟು ಸಣ್ಣ ಕಾಯಿ ಕಾಣುವವರಿಗೆ ಏನು ಕಾಣುವುದಿಲ್ಲ ಎಂದು ಡಾಕ್ಟರು ಕೇಳಿದರು. "ಕಾಯಿ ಕೈಗೇ ಹತ್ತತಾವ್ರಿ, ಅದಕ್ಕ ಕಣ್ಣು ಬೇಕೇನು?" ಎಂದಳು ಅಜ್ಜಿ. "ಸೊಸಿ ಮಾರಿ ಕಾಣವಲ್ದು. ಸಿಟ್ಟಾಗ್ಯಾಳೋ ನಗಾಕತ್ತಾಳೋ ತಿಳೀವಲ್ದು." ಎರಡು ಕಣ್ಣಿಗೂ ಪೊರೆ ಬಂದಿತ್ತು. ಶಸ್ತ್ರಚಿಕಿತ್ಸೆಗೆ ಡಾಕ್ಟರು ಅಂದೇ ಹೆಸರು ಬರೆದುಕೊಂಡರು.

ಹೊರಡುವಾಗ ಗಂಗವ್ವ ನನ್ನ ಕೈಗೆ ಒಂದು ಗಂಟು ಕೊಟ್ಟಳು. ಬಿರುಕಿನಲ್ಲಿ ಉಳಿದು ನಮ್ಮ ಚಕ್ರಕ್ಕೆ ಸಿಕ್ಕ ಒಂದು ಬೊಗಸೆಯಷ್ಟು ಕಾಯಿ. ಉಳಿದದ್ದೆಲ್ಲ ಇಡಿಯಾಗಿತ್ತು.

"ನೀನ ಕುಟ್ಟೀದಿ, ನೀನ ಒಯ್ಯಿ ತಮ್ಮಾ."

ಪೈಲಟ್‌ಗಳು ಇಂಥ ಸೈಟುಗಳನ್ನು ನಂಬುತ್ತಾರೆಯೇ ಎಂಬ ಪ್ರಶ್ನೆಗೆ ಕಸುಬು ನನಗೆ ಕಲಿಸಿದ್ದು ಇಷ್ಟು: ಬರೆದವರಿಗೆ ಆ ನೆಲದಿಂದ ಏನು ಬೇಕಾಗಿದೆ ಎಂದು ಮೊದಲು ನೋಡಬೇಕು, ಆಮೇಲೆ ಫೋನ್ ಮಾಡಬೇಕು, ಮಾಡಿದ ಮೇಲೂ ಒಂದು ಸುತ್ತು ಹಾಕಿ ಕಣ್ಣಾರೆ ಕಂಡು ಇಳಿಯಬೇಕು. ಯಾರನ್ನೂ ಸುಳ್ಳುಗಾರರೆಂದು ನಾನು ಬೈಯುವುದಿಲ್ಲ. ಒಣಹಾಕುವವರಿಗೆ ಆ ಐದು ಚುಕ್ಕಿ ಖರೆಯೇ ಆಗಿತ್ತು.

ಮರುವರ್ಷ ಸಂಕ್ರಾಂತಿ ಮುಗಿದ ಮೇಲೆ ಕುತೂಹಲಕ್ಕೆ ಆ ಸೈಟನ್ನು ತೆರೆದೆ. ಹಂದಿ, ಹಾವು, ದೆವ್ವ ಎಲ್ಲ ಮಾಯವಾಗಿದ್ದವು. ದಲಾಲರ ನಂಬರಿನ ಜಾಗದಲ್ಲಿ ಗಂಗವ್ವನ ನಂಬರ್ ಇತ್ತು. ಚುಕ್ಕಿಯನ್ನೇ ಕೊಡದ ಒಂದು ಹೊಸ ಸಾಲು ಕೆಳಗಿತ್ತು. ಇಡೀ ಸೈಟಿನಲ್ಲಿ ನಾನು ಕಣ್ಣುಮುಚ್ಚಿ ನಂಬುವ ರಿವ್ಯೂ ಅದೊಂದೇ:

"ಕಾಯಿ ಹರವೇವಿ. ಹಿಂದಿನ ದಿನ ಫೋನ್ ಮಾಡಿ ಬರ್ರಿ. ಈ ಸಲ ಅರ್ಧ ಅಲ್ಲ, ಪೂರಾ ತಗೀತೀವಿ. ನಮ್ಮ ಅತ್ತೀಗೆ ಈಗ ಕಣ್ಣು ಚಲೋ ಕಾಣ್ತಾವ, ಆಕೀನ ನಿಂತು ತಗಸ್ತಾಳ."